ನೈಟ್ ಡ್ಯೂಟಿಯಲ್ಲಿ ಫೋನ್ ಮಾಡಿದರೆ ಡಾಕ್ಟರು ರೇಗುತ್ತಾರೆ ಅಂದಿರಲ್ಲ, ಅದಕ್ಕೆ

ಸಿಸ್ಟರ್, ಕೋಲಾರದಲ್ಲಿ ಕೆಲಸಕ್ಕೆ ಸೇರಿ 4 ತಿಂಗಳಾಯಿತು, ರಾತ್ರಿ ಫೋನ್ ಮಾಡಿದರೆ ಡಾಕ್ಟರು ರೇಗುತ್ತಾರೆ, ಈಗ ಕರೆಯುವುದಕ್ಕೇ ಹೆದರಿಕೆ ಎಂದು ಬರೆದಿದ್ದೀರಿ. ಆ ಹೆದರಿಕೆ ನನಗೆ ಗೊತ್ತು. ತುಮಕೂರಿನ ವಾರ್ಡುಗಳಲ್ಲಿ 19 ವರ್ಷ ಕಳೆದಿದ್ದೇನೆ. ಮೊದಲ ವರ್ಷ ಬೈಗುಳಕ್ಕೆ ಅಂಜಿ ಒಮ್ಮೆ ಅರ್ಧ ಗಂಟೆ ತಡಮಾಡಿದೆ. ರೋಗಿ ಉಳಿದರು, ಆದರೆ ಆ ಅರ್ಧ ಗಂಟೆ ಇವತ್ತಿಗೂ ಮರೆತಿಲ್ಲ. ಎಷ್ಟೇ ರೇಗಲಿ, ಫೋನ್ ಮಾಡುವುದನ್ನು ಮಾತ್ರ ಬಿಡಬೇಡಿ.

ಹೇಳುವ ಕ್ರಮ ಬದಲಿಸಿ ನೋಡಿ. "ಸರ್, ಪೇಷೆಂಟ್ ಯಾಕೋ ಸರಿಯಿಲ್ಲ" ಅಂದರೆ ನಿದ್ದೆಗಣ್ಣಲ್ಲಿರುವವರಿಗೆ ಏನು ತಿಳಿದೀತು? ಕೇಸ್ ಶೀಟ್ ಕೈಯಲ್ಲಿಟ್ಟುಕೊಂಡು ಹೇಳಿ: "ಸರ್, 3ನೇ ಬೆಡ್, ನಿನ್ನೆ ಅಪೆಂಡಿಕ್ಸ್ ಆಪರೇಷನ್ ಆದವರು. ಬಿಪಿ 84/50, ಪಲ್ಸ್ 128, ಮೂತ್ರ ಕಡಿಮೆಯಾಗಿದೆ. ಒಳಗೆ ರಕ್ತ ಹೋಗುತ್ತಿರಬಹುದು ಅಂತ ನನಗೆ ಅನುಮಾನ. ನೀವು ಬಂದು ನೋಡಬೇಕು." ಇದನ್ನು ಎಸ್‌ಬಿಎಆರ್ ಅನ್ನುತ್ತಾರೆ, ಅಂದರೆ ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ಏನು ಆಗಬೇಕು ಎಂಬ ನಾಲ್ಕನ್ನು ಕ್ರಮವಾಗಿ ಹೇಳುವುದು; ಅಮೆರಿಕ ನೌಕಾಪಡೆಯ ಸಬ್‌ಮರೀನುಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ. "ನೀವು ಬಂದು ನೋಡಬೇಕು" ಎಂಬ ಕೊನೆಯ ವಾಕ್ಯ ಮಾತ್ರ ನುಂಗಬೇಡಿ. ನಮ್ಮಲ್ಲಿ ಹೆಚ್ಚಿನವರು ನುಂಗುವುದು ಅದನ್ನೇ. ಅವರು ಹೇಳಿದ ಔಷಧಿ, ಡೋಸ್ ತಿರುಗಿ ಓದಿ ಹೇಳಿ, ಸಮಯ ಸಮೇತ ಬರೆದಿಡಿ, ಬೆಳಿಗ್ಗೆ ಸಹಿ ಹಾಕಿಸಿಕೊಳ್ಳಿ.

ಇನ್ನೊಂದು ಮಾತು. ಸಂಜೆ ರೌಂಡ್ಸ್‌ನಲ್ಲೇ "ಸರ್, ಇವರಿಗೆ ಬಿಪಿ ಎಷ್ಟಕ್ಕಿಳಿದರೆ ಕರೆಯಲಿ?" ಎಂದು ಕೇಳಿಬಿಡಿ. ಅವರೇ ಹೇಳಿದ ಅಂಕಿಗೆ ಕರೆದಾಗ ರೇಗುವುದು ಬಹಳ ಕಡಿಮೆ, ನನ್ನ ಅನುಭವ.

ರೋಗಿಗಳ ಮುಂದೆ ಅವಮಾನ ಮಾಡಿದರೆ ಅಲ್ಲೇ ಎದುರು ಮಾತು ಬೇಡ. ಆಮೇಲೆ ಒಬ್ಬರೇ ಸಿಕ್ಕಾಗ ನೋವಾಯಿತೆಂದು ನೇರವಾಗಿ ಹೇಳಿ. ಆದರೂ ನಿಲ್ಲದಿದ್ದರೆ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ದಿನಾಂಕ ಹಾಕಿ ಬರೆದುಕೊಡಿ.