ಓದುಗರ ಪ್ರಶ್ನೆ: ಫೇರ್‌ಬ್ಯಾಂಕ್ಸ್‌ನಲ್ಲಿ ಮನೆ, ದಕ್ಷಿಣಕ್ಕೆ ಬಾಗಿಲು

ಪ್ರಶ್ನೆ: ನಮ್ಮ ಮಗ, ಸೊಸೆ ಅಮೆರಿಕದ ಅಲಾಸ್ಕಾ ರಾಜ್ಯದ ಫೇರ್‌ಬ್ಯಾಂಕ್ಸ್ ಎಂಬ ಊರಿನಲ್ಲಿದ್ದಾರೆ. ಮಗನಿಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಲಸ, ಎಚ್-1ಬಿ ವೀಸಾ. ಮೇ ತಿಂಗಳಲ್ಲಿ ಹೋದರು, ಅಲ್ಲಿನ ಚಳಿಗಾಲ ಇನ್ನೂ ನೋಡಿಲ್ಲ. ಬಾಡಿಗೆ ಕಟ್ಟುವ ಬದಲು ಮನೆ ತಗೊಳ್ಳೋಣ ಅಂತಾರೆ. ಎರಡು ಮನೆ ನೋಡಿದ್ದಾರೆ. ಒಂದು ಕಣಿವೆಯಲ್ಲಿ: ಬೆಲೆ ಕಡಿಮೆ, ಸುತ್ತ ಚೆಂದದ ಹುಲ್ಲುಹಾಸು, ಪೂರ್ವಕ್ಕೆ ಬಾಗಿಲು. ಇನ್ನೊಂದು ಗುಡ್ಡದ ಮೇಲೆ: ಬೆಲೆ ಜಾಸ್ತಿ, ದಕ್ಷಿಣಕ್ಕೆ ಬಾಗಿಲು. ದಕ್ಷಿಣದ ಬಾಗಿಲು ಬೇಡವೇ ಬೇಡ ಅನ್ನುವುದು ನಮ್ಮ ಯಜಮಾನರ ಹಟ. ನಾವೂ ಸ್ವಲ್ಪ ದುಡ್ಡು ಕಳಿಸಬೇಕು ಅಂತಿದ್ದೇವೆ. ಯಾವುದು ಒಳ್ಳೆಯದು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಮಸ್ಕಾರ ಅಮ್ಮ. ಮೊದಲೇ ಹೇಳಿಬಿಡುತ್ತೇನೆ. ಕಣಿವೆಯ ಮನೆ ಬೇಡ. ಗುಡ್ಡದ ಮನೆಯನ್ನೂ ಈ ವರ್ಷವೇ ತಗೊಳ್ಳುವುದು ಬೇಡ. ಒಂದು ಚಳಿಗಾಲ ಬಾಡಿಗೆ ಮನೆಯಲ್ಲೇ ಕಳೆಯಲಿ.

ನಾನು ಆ ಊರಲ್ಲಿ ಒಂಬತ್ತು ವರ್ಷ ಇದ್ದೆ. ಮೊದಲ ಎರಡು ವರ್ಷ ಕಣಿವೆಯ ಬಾಡಿಗೆ ಮನೆ. ದೋಸೆ ಹುಯ್ದರೆ ಎಣ್ಣೆ ಪ್ರತಿ ಸಲ ಕಾವಲಿಯ ಎಡಕ್ಕೇ ಹರಿದು ನಿಲ್ಲುತ್ತಿತ್ತು. ಒಲೆ ಸರಿ ಇಲ್ಲ ಅಂದುಕೊಂಡು ಅದರ ಕಾಲಿನಡಿ ರಟ್ಟು ಮಡಚಿ ಇಟ್ಟೆವು. ಮುಂದಿನ ಬೇಸಿಗೆಗೆ ಬಚ್ಚಲ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು, ಕಿಟಕಿಯ ಮೂಲೆಯಿಂದ ಗೋಡೆಗೆ ಓರೆಯಾಗಿ ಬಿರುಕು ಬಿತ್ತು. ಓನರ್ ಬಂದು ಬಾಗಿಲ ಅಂಚು ಕೀಸಿ ಹೋದರು. ವಾಲುತ್ತಿದ್ದದ್ದು ಒಲೆಯಲ್ಲ, ಮನೆ ಅಂತ ನಮಗೆ ಗೊತ್ತಾಗಿದ್ದು ಆಮೇಲೆ.

ಕಾರಣ ನೆಲದೊಳಗಿದೆ. ಫೇರ್‌ಬ್ಯಾಂಕ್ಸ್ ಸುತ್ತ ಅಲ್ಲಲ್ಲಿ ನೆಲದಡಿ ವರ್ಷಪೂರ್ತಿ ಹೆಪ್ಪುಗಟ್ಟಿಯೇ ಇರುವ ಮಣ್ಣಿದೆ. ಅದಕ್ಕೆ ಪರ್ಮಾಫ್ರಾಸ್ಟ್ ಅನ್ನುತ್ತಾರೆ. ಕೆಲವು ಕಡೆ ಆ ಮಣ್ಣಿನೊಳಗೆ ದೊಡ್ಡ ದೊಡ್ಡ ಐಸ್ ಗಟ್ಟಿಗಳೇ ಇರುತ್ತವೆ. ಮೇಲೆ ಮನೆ ಕಟ್ಟಿ ಒಳಗೆ ಬೆಚ್ಚಗೆ ಇಟ್ಟುಕೊಂಡರೆ ಆ ಶಾಖ ನಿಧಾನವಾಗಿ ಕೆಳಗಿಳಿದು ಐಸ್ ಕರಗುತ್ತದೆ. ಒಂದು ಮೂಲೆ ಮೊದಲು, ಇನ್ನೊಂದು ಮೂಲೆ ಆಮೇಲೆ. ಹಾಗಾಗಿ ಮನೆ ಸಮನಾಗಿ ಕುಸಿಯುವುದಿಲ್ಲ, ವಾಲುತ್ತದೆ.

ಆ ಚೆಂದದ ಹುಲ್ಲುಹಾಸಿನ ಬಗ್ಗೆಯೇ ನನಗೆ ಜಾಸ್ತಿ ಭಯ. ಕಾಡಿನ ನೆಲದ ಮೇಲೆ ದಪ್ಪ ಪಾಚಿಯ ಹೊದಿಕೆ ಇರುತ್ತದೆ. ಬೇಸಿಗೆಯ ಬಿಸಿಲು ಕೆಳಗಿಳಿಯದಂತೆ ತಡೆಯುವುದು ಅದು, ಮತ್ತೆ ಮರಗಳ ನೆರಳು. ಎರಡನ್ನೂ ತೆಗೆದು ಸೈಟು ಕ್ಲೀನ್ ಮಾಡಿದರೆ ಕೆಳಗಿನ ಐಸ್ ಕರಗಲು ಶುರು. ಮಗ ಅಕ್ಕಪಕ್ಕದ ಖಾಲಿ ಜಾಗದಲ್ಲಿ ಯಾವ ಮರ ಇದೆ ಅಂತ ನೋಡಲಿ. ಬಡಕಲು, ಕುಳ್ಳ, ಕಡುಬಣ್ಣದ ಬ್ಲ್ಯಾಕ್ ಸ್ಪ್ರೂಸ್ ಮರಗಳು ಒಂದಕ್ಕೊಂದು ವಾಲಿಕೊಂಡು ನಿಂತಿದ್ದರೆ ಕೆಳಗೆ ಪರ್ಮಾಫ್ರಾಸ್ಟ್ ಇದೆ ಅಂತಲೇ ಹೆದರಬೇಕು. ಎತ್ತರದ ಬರ್ಚ್, ಆಸ್ಪೆನ್ ಇದ್ದರೆ ನೆಲ ಒಳ್ಳೆಯದಿರುವ ಸಾಧ್ಯತೆ ಜಾಸ್ತಿ. ಇದು ಬರೀ ಅಂದಾಜು ಅಷ್ಟೇ. ದುಡ್ಡು ಕೊಡುವ ಮುಂಚೆ ನೆಲ ಕೊರೆಸಿ ಮಣ್ಣು ಪರೀಕ್ಷೆ ಮಾಡಿಸಲೇಬೇಕು.

ಇನ್ನು ಯಜಮಾನರ ಮಾತು. ಅವರ ನಂಬಿಕೆಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅಲ್ಲಿ ಸೂರ್ಯ ಎಲ್ಲಿರುತ್ತಾನೆ ಅಂತ ಅವರಿಗೆ ಹೇಳಿ. ಡಿಸೆಂಬರ್ 21ರಂದು ಫೇರ್‌ಬ್ಯಾಂಕ್ಸ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಹನ್ನೊಂದರ ಹತ್ತಿರ, ಮುಳುಗುವುದು ಮಧ್ಯಾಹ್ನ 2.40ಕ್ಕೆ. ಎರಡೂ ದಕ್ಷಿಣದ ಕಡೆಯೇ. ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಎರಡು ಡಿಗ್ರಿ ಮೇಲೇರುವುದಿಲ್ಲ, ಅಂದರೆ ಕೈ ಚಾಚಿ ಒಂದು ಬೆರಳು ಅಡ್ಡ ಹಿಡಿದರೆ ಅಷ್ಟೇ ಎತ್ತರ. ಅದೇ ದಿನ ಶಿವಮೊಗ್ಗದಲ್ಲಿ 52 ಡಿಗ್ರಿ ಮೇಲಿರುತ್ತಾನೆ. ಪೂರ್ವದ ಬಾಗಿಲಿಗೆ ಆ ಬಿಸಿಲು ಸೋಕಿದರೂ ಸೋಕದ ಹಾಗೆ. ದಕ್ಷಿಣದ ಕಿಟಕಿ ಇರುವ ಮನೆಯಲ್ಲಿ ಮಾತ್ರ ಆ ಹೊಂಬಣ್ಣದ ಬೆಳಕು ನೇರ ಒಳಗೆ ಬಂದು ಎದುರು ಗೋಡೆಗೆ ಬೀಳುತ್ತದೆ. ಆಮೇಲೆ ನಾವಿದ್ದ ಗುಡ್ಡದ ಮನೆಯಲ್ಲಿ ನನ್ನ ಹೆಂಡತಿ ಆ ಹೊತ್ತಿಗೆ ಎಲ್ಲ ಕೆಲಸ ಬಿಟ್ಟು ಕಿಟಕಿ ಹತ್ತಿರ ಕೂತಿರುತ್ತಿದ್ದಳು. ನಿಮ್ಮ ಸೊಸೆಗೆ ಅದು ಎಷ್ಟು ಮುಖ್ಯ ಅನ್ನುವುದು ಜನವರಿಯಲ್ಲಿ ನಿಮಗೇ ಫೋನಿನಲ್ಲಿ ಗೊತ್ತಾಗುತ್ತದೆ.

ದಕ್ಷಿಣಕ್ಕೆ ಇಳಿಜಾರಾದ ಗುಡ್ಡದಲ್ಲಿ ಬಿಸಿಲು ಬೀಳುವುದರಿಂದ ಪರ್ಮಾಫ್ರಾಸ್ಟ್ ಇಲ್ಲದ ಜಾಗ ಸಿಗುವುದು ಸುಲಭ. ಇನ್ನೊಂದು ಲಾಭವೂ ಇದೆ. ಗಾಳಿಯೇ ಬೀಸದ ಚಳಿಗಾಲದ ದಿನಗಳಲ್ಲಿ ತಣ್ಣನೆಯ ಗಾಳಿ ನೀರಿನ ಹಾಗೆ ಕಣಿವೆಗೆ ಇಳಿದು ಅಲ್ಲೇ ನಿಲ್ಲುತ್ತದೆ. ಕೆಳಗೆ ಮೈನಸ್ 40 ಇದ್ದಾಗ ಗುಡ್ಡದ ಮೇಲೆ ಹತ್ತು ಡಿಗ್ರಿಯಷ್ಟು ಬೆಚ್ಚಗಿರುವುದೂ ಉಂಟು. ಸೌದೆ ಒಲೆಗಳ ಹೊಗೆಯೂ ಕೆಳಗೇ ನಿಲ್ಲುತ್ತದೆ. ಮುಂದೆ ಮನೆಯಲ್ಲಿ ಮಗು ಬಂದರೆ ಇದನ್ನೂ ಯೋಚಿಸಬೇಕು ಅಲ್ವಾ?

ಹಾಗಂತ ಗುಡ್ಡದ ಮನೆಗೂ ಕಣ್ಣು ಮುಚ್ಚಿ ಹೂಂ ಅನ್ನಬೇಡಿ. ನಗರದ ಗಡಿಯ ಹೊರಗೆ ಅಲ್ಲಿ ಕಟ್ಟಡ ನಿಯಮಗಳನ್ನು ಜಾರಿ ಮಾಡುವವರಿಲ್ಲ, ಎಷ್ಟೋ ಮನೆಗಳನ್ನು ಮಾಲೀಕರೇ ಕೈಯಾರೆ ಕಟ್ಟಿಕೊಂಡಿದ್ದಾರೆ. ಕೆಲವು ಬಹಳ ಚೆನ್ನಾಗಿವೆ, ಕೆಲವು ಇಲ್ಲ. ಮಾರುವವರು ತೋರಿಸಿದ ಇನ್‌ಸ್ಪೆಕ್ಟರ್ ಬೇಡ, ಮಗನೇ ಒಬ್ಬರನ್ನು ಹುಡುಕಲಿ. ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಇದೆಯಾ ಅಂತ ಪರೀಕ್ಷೆ ಮಾಡಿಸಲಿ, ಅಲ್ಲಿನ ಗುಡ್ಡಗಳಲ್ಲಿ ಅದು ಹೊಸದೇನಲ್ಲ. ಹೋದ ಎರಡು ಚಳಿಗಾಲದ ಹೀಟಿಂಗ್ ಆಯಿಲ್, ಅಂದರೆ ಮನೆ ಬೆಚ್ಚಗಿಡಲು ಉರಿಸುವ ಎಣ್ಣೆಯ ಬಿಲ್ ಕೇಳಲಿ. ಒಂದು ಸಾಧಾರಣ ಮನೆಗೆ ವರ್ಷಕ್ಕೆ 1,000 ಗ್ಯಾಲನ್, ಅಂದರೆ ಸುಮಾರು 3,800 ಲೀಟರ್ ಎಣ್ಣೆ ಉರಿಯುವುದು ಅಲ್ಲಿ ಮಾಮೂಲು. ಬಾಡಿಗೆಗಿಂತ ಸಾಲದ ಕಂತು ಕಡಿಮೆ ಅಂತ ಲೆಕ್ಕ ಹಾಕುವಾಗ ಈ ಖರ್ಚು ಮರೆತುಹೋಗುತ್ತದೆ. ನೆಲ ಕುಸಿದು ಆದ ನಷ್ಟಕ್ಕೆ ಸಾಮಾನ್ಯ ಮನೆ ವಿಮೆ ದುಡ್ಡು ಕೊಡುವುದಿಲ್ಲ, ಇದನ್ನೂ ಅವನಿಗೆ ಹೇಳಿ.

ವೀಸಾ ವಿಷಯ. ಎಚ್-1ಬಿಯಲ್ಲಿದ್ದವರು ಮನೆ ಕೊಳ್ಳಬಹುದು, ಅಡ್ಡಿ ಇಲ್ಲ. ಆದರೆ ಕೆಲಸ ಹೋದರೆ ಬೇರೆ ದಾರಿ ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಅಂಥ ಚಿಕ್ಕ ಊರಿನಲ್ಲಿ, ಅದರಲ್ಲೂ ಜನವರಿಯಲ್ಲಿ, ಮನೆ ಅಷ್ಟು ಬೇಗ ಮಾರಾಟವಾಗುತ್ತೆ ಅಂತ ನಂಬಿಕೊಂಡು ಕೂರಬಾರದು.

ನೀವು ದುಡ್ಡು ಕಳಿಸುವುದಾದರೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಲು ರಿಸರ್ವ್ ಬ್ಯಾಂಕಿನ ಅನುಮತಿ ಇದೆ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು 20% ತೆರಿಗೆ ಹಿಡಿದುಕೊಳ್ಳುತ್ತದೆ, ರಿಟರ್ನ್ ಸಲ್ಲಿಸುವಾಗ ಅದು ನಿಮ್ಮ ತೆರಿಗೆಗೆ ಹೊಂದಾಣಿಕೆಯಾಗುತ್ತದೆ. ನಿವೃತ್ತಿಯ ದುಡ್ಡಾದರೆ ದಯವಿಟ್ಟು ಈಗ ಕಳಿಸಬೇಡಿ. ಮಗ ಒಂದು ಚಳಿಗಾಲ ನೋಡಿ, ಮಣ್ಣಿನ ವರದಿ ಕೈಗೆ ಬಂದ ಮೇಲೆ ನೋಡೋಣ.

ಪ್ರಶ್ನೆ: ನಾನೂ ಫೇರ್‌ಬ್ಯಾಂಕ್ಸ್‌ನಲ್ಲೇ ಓದುತ್ತಿದ್ದೇನೆ. ಇಲ್ಲಿ ಡ್ರೈ ಕ್ಯಾಬಿನ್ ಎಂಬ ಸಣ್ಣ ಮರದ ಮನೆಗಳು ತುಂಬಾ ಅಗ್ಗ. ಒಂದನ್ನು ಕೊಂಡುಬಿಡಲಾ?
– ವಿದ್ಯಾರ್ಥಿ, ಊರು ಹಾಸನ

ಉತ್ತರ: ಅಗ್ಗ ಯಾಕೆ ಅಂತ ಗೊತ್ತಲ್ಲ ತಮ್ಮ, ನಲ್ಲಿ ಇಲ್ಲ, ಕಕ್ಕಸು ಹೊರಗಡೆ. ನೀರಿಲ್ಲದ ಮನೆಗೆ ಬ್ಯಾಂಕ್ ಸಾಲ ಸಿಗುವುದೂ ಕಷ್ಟ. ನೀರು ತುಂಬಿಸುವ ಕಡೆಗೆ ಹೋಗಿ ಐದು ಗ್ಯಾಲನ್ ಕ್ಯಾನುಗಳಲ್ಲಿ ಹೊತ್ತು ತರಬೇಕು, ತುಂಬಿದ ಒಂದು ಕ್ಯಾನ್ 19 ಕಿಲೋ. ಒಬ್ಬನೇ ಇರುವವನಿಗೆ ಇದು ಆಗದ ಮಾತೇನಲ್ಲ, ನನ್ನ ಗೆಳೆಯರು ವರ್ಷಗಟ್ಟಲೆ ಹಾಗೇ ಇದ್ದರು. ಆದರೆ ಕೊಳ್ಳಬೇಡ, ಬಾಡಿಗೆಗೆ ತಗೊ. ಕಕ್ಕಸಿನ ಸೀಟು ಪ್ಲಾಸ್ಟಿಕ್ಕಿನದಾಗಿದ್ದರೆ ಅಕ್ಟೋಬರ್ ಒಳಗೆ ತೆಗೆದು, ಗೋಡೆಗೆ ಹಾಕುವ ದಪ್ಪ ನೀಲಿ ಫೋಮ್ ಶೀಟಿನಲ್ಲಿ ಒಂದು ಸೀಟು ಕೊರೆದು ಹಾಕಿಕೊ. ಮೈನಸ್ 40ರಲ್ಲೂ ಅದು ಮೈಗೆ ತಣ್ಣಗೆ ತಾಗುವುದಿಲ್ಲ.