ನನ್ನಂಥವರು ಎಲ್ಲಿದ್ದಾರೆ?

ಪ್ರಶ್ನೆ: ನಾನು ಐಟಿ ಉದ್ಯೋಗಿ. ಎಡಪಂಥೀಯ ರಾಜಕೀಯದಲ್ಲಿ ನಂಬಿಕೆ ಇದೆ. ಆಫೀಸಲ್ಲಿ ಇಂಥ ಮಾತೆತ್ತಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಜೊತೆಗಾರರನ್ನು ಎಲ್ಲಿ ಹುಡುಕಲಿ?
– ಓದುಗ, ಬೆಂಗಳೂರು

ಉತ್ತರ: ನೀವು ಒಬ್ಬರೇ ಅಲ್ಲ. ಕರ್ನಾಟಕದಲ್ಲಿ ಐಟಿ ನೌಕರರಿಗೆ ಅಂತಲೇ ಒಂದು ಸಂಘ ಇದೆ, ಹೆಸರು ಕಿಟು, 2017ರಲ್ಲಿ ಶುರುವಾದದ್ದು. ದಿನಕ್ಕೆ 14 ಗಂಟೆ ದುಡಿಸುವ ಪ್ರಸ್ತಾಪ 2024ರಲ್ಲಿ ಬಂದಾಗ ಅದರ ವಿರುದ್ಧ ಬೀದಿಗಿಳಿದವರು ಇವರೇ. ಮೊದಲು ಅವರನ್ನು ಹೋಗಿ ಮಾತಾಡಿಸಿ.

ಆದರೆ ನಿಮ್ಮ ಹಾಗೇ ಯೋಚಿಸುವವರೇ ಬೇಕು ಅಂತ ಕೂರಬೇಡಿ. ಪಕ್ಕದ ಸೀಟಿನವರಿಗೆ ಸಿದ್ಧಾಂತ ಬೇಡದಿರಬಹುದು, ರಾತ್ರಿ ಹತ್ತಕ್ಕೆ ಮ್ಯಾನೇಜರ್ ಫೋನ್ ಮಾಡಿದರೆ ಅವರಿಗೂ ಹೊಟ್ಟೆ ಉರಿಯುತ್ತದೆ ಅಲ್ವಾ? ಅಲ್ಲಿಂದ ಮಾತು ಶುರುಮಾಡಿ, ಜಾಸ್ತಿ ಕೇಳಿಸಿಕೊಳ್ಳಿ. ಕ್ಯಾಬ್ ಡ್ರೈವರ್, ಹೌಸ್‌ಕೀಪಿಂಗ್‌ನವರನ್ನೂ ಬಿಡಬೇಡಿ.

2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬಿಗಿ ಮಾಡಲು ಹೊರಟಾಗ ಹೊಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೆಲಸ ಬಿಟ್ಟು ರಸ್ತೆಗೆ ಬಂದು ಕೂತರು. ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಅವರನ್ನು ಸೇರಿಸಿದ್ದು ಪುಸ್ತಕವಲ್ಲ, ಕಷ್ಟಕಾಲಕ್ಕೆ ಅಂತ ಕೂಡಿಟ್ಟ ಆ ದುಡ್ಡು.

ಹಾಂ, ಕಂಪನಿಯ ಚಾಟ್‌ನಲ್ಲಿ, ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಇದೆಲ್ಲ ಬೇಡ. ಹೊರಗೆ ಟೀ ಅಂಗಡಿಯಲ್ಲಿ ಮಾತಾಡಿ.