ಮ್ಯೂಸಿಯಂ ಅಂದರೆ ಬೇಜಾರಾಗುವ ಗೆಳತಿಯ ಜೊತೆ ಬಳ್ಳಾರಿ ಕಡೆ ಏನು ನೋಡಬಹುದು?

ನಿಮಗೆ ಮ್ಯೂಸಿಯಂನಲ್ಲಿ ಒಂದೊಂದು ಫಲಕವನ್ನೂ ನಿಂತು ಓದಬೇಕು, ಗೆಳತಿಗೆ ಹತ್ತು ನಿಮಿಷಕ್ಕೇ ಸಾಕಾಗುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಸುತ್ತುವಾಗ ಇಬ್ಬರಿಗೂ ಹಿಡಿಸುವಂಥದ್ದು ಏನಿದೆ ಅಂತ ಕೇಳಿದ್ದೀರಿ. ನಾನು ಬಳ್ಳಾರಿಯವಳು. ನನ್ನ ಆಪ್ತ ಗೆಳತಿಯೂ ಇದೇ ಜಾತಿ. ಬೆಟ್ಟ ಅಂದರೆ ಮುಂದೆ ಓಡುತ್ತಾಳೆ, ಗಾಜಿನ ಪೆಟ್ಟಿಗೆ ಕಂಡರೆ ಆಕಳಿಸುತ್ತಾಳೆ. ಇಂಥವರನ್ನು ಕರೆದುಕೊಂಡು ಹೋಗುವಾಗ ನಾನು ಪಾಲಿಸುವುದು ಇಷ್ಟೇ: ಮೊದಲು ಜಾಗ, ಆಮೇಲೆ ಮ್ಯೂಸಿಯಂ. ನಮ್ಮ ಕಡೆ ಇದು ಸುಲಭ, ಯಾಕೆಂದರೆ ಪೆಟ್ಟಿಗೆಯಲ್ಲಿಟ್ಟ ವಸ್ತು ಸಿಕ್ಕ ಗುಡ್ಡ ಊರ ಪಕ್ಕದಲ್ಲೇ ಇರುತ್ತದೆ.

ಬಳ್ಳಾರಿಯಿಂದಲೇ ಶುರು ಮಾಡಿ. ಊರ ಹೊರಗೆ ಸಂಗನಕಲ್ಲು ಇದೆ, ಅದರ ಹತ್ತಿರವೇ ಕಪ್ಪಗಲ್ಲಿನ ಹಿರೇಗುಡ್ಡ. ಬೆಳಿಗ್ಗೆ ಬೇಗ ಹತ್ತಿ. ಹೊಸ ಶಿಲಾಯುಗದ ಜನ ಇಲ್ಲಿ ಕಲ್ಲುಕೊಡಲಿ ಮಾಡುತ್ತಿದ್ದರು. ಗುಡ್ಡದಲ್ಲಿ ಕಪ್ಪು ಡೋಲರೈಟ್ ಕಲ್ಲಿನ ಪಟ್ಟಿಯೇ ಇದೆ, ಅದೇ ಅವರ ಕಚ್ಚಾ ಮಾಲು. ಕೊಡಲಿ ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ನುಣುಪಾದ ಗುಳಿಗಳಲ್ಲಿ ಇವತ್ತೂ ಕೈ ಆಡಿಸಬಹುದು. ಕರಿ ಬಂಡೆಗಳ ಮೇಲೆ ಡುಬ್ಬದ ಎತ್ತುಗಳ ಚಿತ್ರ ಕುಟ್ಟಿದ್ದಾರೆ. ಇನ್ನೂ ಮಜಾ ಎಂದರೆ, ಕೆಲವು ಬಂಡೆಗಳನ್ನು ತಟ್ಟಿದರೆ ಗಂಟೆಯ ಹಾಗೆ ಠಣ್ ಅನ್ನುತ್ತವೆ! ಹಿಂದಿನವರೂ ಅವನ್ನು ಬಾರಿಸುತ್ತಿದ್ದರು. ತಟ್ಟಿ ತಟ್ಟಿ ಸವೆದ ಕುಳಿಗಳು ಕಾಣುತ್ತವೆ. ಸಣ್ಣ ಕಲ್ಲಿನಿಂದ ಆ ಕುಳಿಗಳಲ್ಲಷ್ಟೇ ಮೆಲ್ಲಗೆ ತಟ್ಟಿ, ಚಿತ್ರಗಳ ಹತ್ತಿರ ಮಾತ್ರ ಬೇಡ. ದಾರಿಗೆ ಬೋರ್ಡು ನಂಬಬೇಡಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಗುಡ್ಡದ ಒಂದಷ್ಟು ಭಾಗವನ್ನು ಕಲ್ಲು ಗಣಿಗಾರಿಕೆ ತಿಂದು ಹಾಕಿದೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಲ್ಲಿಂದ ಇಳಿದು ಊರಿನಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂಗೆ ಹೋಗಿ. 1872ರಲ್ಲಿ ಸಂಗನಕಲ್ಲಿನ ನೆಲೆಯನ್ನು ಗುರುತಿಸಿದ ಭೂವಿಜ್ಞಾನಿಯ ಹೆಸರು ಅದು. ನನ್ನ ಗೆಳತಿ ಅಲ್ಲಿ ಕೊಡಲಿಗಳ ಮುಂದೆ ನಿಂತವಳು ಕದಲಲೇ ಇಲ್ಲ. "ಇದನ್ನ ಉಜ್ಜಿದ್ದು ಆ ಗುಳಿಯಲ್ಲೇ ಅಲ್ವಾ?" ಅಂತ ನನ್ನನ್ನೇ ಕೇಳಿದಳು. ಗುಡ್ಡ ನೋಡದೆ ಒಳಗೆ ಹೋಗಿದ್ದರೆ ಅವಳಿಗೆ ಅದು ಬರೀ ಕಲ್ಲು.

ಹೊಸಪೇಟೆ ಕಡೆ ಹೋಗುವಾಗ ಕುಡತಿನಿಯ ಬೂದಿಗುಡ್ಡದ ಹತ್ತಿರ ಗಾಡಿ ನಿಲ್ಲಿಸಿ. ಇಂಥ ದಿಬ್ಬಗಳನ್ನು ರಾಕ್ಷಸರನ್ನು ಸುಟ್ಟ ಬೂದಿ ಅಂತ ಜನ ಹೇಳುತ್ತಿದ್ದರು. ಹಂಪಿ ಪಕ್ಕದ ನಿಂಬಾಪುರದ್ದು ವಾಲಿಯ ಚಿತಾಭಸ್ಮವಂತೆ. ನಿಜವಾಗಿ ಅದು ಹೊಸ ಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿ. ನನಗಂತೂ ರಾಕ್ಷಸನಿಗಿಂತ ಸಗಣಿಯೇ ಜಾಸ್ತಿ ಆಶ್ಚರ್ಯ. ಎಷ್ಟು ದನ ಇದ್ದಿರಬೇಕು, ಯೋಚಿಸಿ! ಹಂಪಿ ಸುತ್ತಿ ಬಂದ ಮೇಲೆ ಕಮಲಾಪುರದ ಮ್ಯೂಸಿಯಂನಲ್ಲಿ ಇಡೀ ಹಂಪಿಯ ದೊಡ್ಡ ಮಾದರಿ ನೋಡಿ. ಎಲ್ಲಿ ದಾರಿ ತಪ್ಪಿದ್ದು, ಎಲ್ಲಿ ಕುಂತು ಮಜ್ಜಿಗೆ ಕುಡಿದದ್ದು ಅಂತ ಇಬ್ಬರೂ ಬೆರಳಿಟ್ಟು ಜಗಳ ಆಡಬಹುದು. ಶುಕ್ರವಾರ ಅದಕ್ಕೆ ರಜೆ.

ಕೊಪ್ಪಳದಲ್ಲಿ ಪಾಲ್ಕಿಗುಂಡು ಹತ್ತಿಸಿ. ಎರಡು ಬಂಡೆಗಳ ಮೇಲೆ ಕೊಡೆ ಹಿಡಿದಂತೆ ಇನ್ನೊಂದು ಬಂಡೆ, ಕೆಳಗೆ ಅಶೋಕನ ಶಾಸನ. ಗವಿಮಠದ ಹತ್ತಿರವೂ ಅಂಥದೇ ಶಾಸನ ಒಂದಿದೆ. ಕಾಲಲ್ಲಿ ಶಕ್ತಿ ಉಳಿದಿದ್ದರೆ ಗಂಗಾವತಿ ಕಡೆಯ ಹಿರೇಬೆಣಕಲ್. ಗುಡ್ಡದ ಮೇಲೆ ನೂರಾರು ಕಲ್ಲುಮನೆಗಳು, ಎಲ್ಲವೂ ಶಿಲಾಸಮಾಧಿ. ಜನ 'ಮೋರೇರ ಮನೆ' ಅನ್ನುತ್ತಾರೆ. ಅಲ್ಲಿ ಒಂದು ನಗಾರಿ ಕಲ್ಲೂ ಇದೆ, ಬಡಿದರೆ ದೂರಕ್ಕೆ ಕೇಳುತ್ತದೆ. ನೀರು, ಟೋಪಿ ಎರಡೂ ಇರಲಿ. ಮಧ್ಯಾಹ್ನ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಇಟಗಿಗೆ ಹೋಗಿ. 1112ರ ಮಹಾದೇವ ದೇವಾಲಯ. ಶಾಸನವೇ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ, ಹೆಚ್ಚಿನ ವರ್ಣನೆ ನನ್ನಿಂದ ಬೇಡ.

ರಾಯಚೂರಿಗೆ ದಿನ ಉಳಿದರೆ ಮಾತ್ರ ಹೋಗಿ. ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ, ಅದರ ಮೇಲೆ 1294ರ ಶಾಸನ. ಅಷ್ಟು ಭಾರದ ಕಲ್ಲನ್ನು ಕೋಣಗಳ ಸಾಲು ಕಟ್ಟಿ ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಮೊದಲು ಅದನ್ನು ಹುಡುಕಿ. ನವರಂಗ ದರ್ವಾಜಾದ ಮ್ಯೂಸಿಯಂ ಆಮೇಲೆ.

ಇನ್ನೊಂದು ಮಾತು. ಮ್ಯೂಸಿಯಂ ಒಳಗೆ ಇಬ್ಬರೂ ಒಟ್ಟಿಗೇ ನಡೆಯಬೇಕು ಅಂತ ಏನಿಲ್ಲ. ಬಾಗಿಲಲ್ಲಿ ಬೇರೆಯಾಗಿ, ಇಂಥ ಹೊತ್ತಿಗೆ ಹೊರಗೆ ಚಹಾ ಅಂತ ಹೇಳಿಕೊಳ್ಳಿ. ನಾವು ಹಾಗೇ ಮಾಡುವುದು. ಬೇಗ ಹೊರಬಂದವರು ಚಹಾದ ದುಡ್ಡು ಕೊಡಬೇಕು. ಮತ್ತೆ, ಏಪ್ರಿಲ್ ಮೇನಲ್ಲಿ ಬರುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ನಮ್ಮ ಬಂಡೆಗಳ ಮೇಲೆ ಆಗ ಕಾಲಿಡಲಿಕ್ಕೆ ಆಗುವುದಿಲ್ಲ. ನವೆಂಬರಿನಿಂದ ಜನವರಿ ಒಳಗೆ ಬನ್ನಿ.